ಸಿಂಥಸೈಜರ್ ಕೀಬೋರ್ಡ್ ಬಿಚ್ಚಿ ಬೇಕಾದ ಹಾಗೆ ಬದಲಿಸೋದು: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೇ ಕೀಬೋರ್ಡ್ ಕೈಗೆ ಸಿಕ್ಕಿದ ಮೇಲೆ ಸ್ಕ್ರೂಡ್ರೈವರ್ ಹುಡುಕುವವರು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಇವೇ. ನನ್ನ ಉತ್ತರಗಳಲ್ಲಿ ಒಂದು ಹಟ ಕಾಣಬಹುದು. ಏನೇ ಬದಲಾವಣೆ ಮಾಡಿದರೂ ಅದನ್ನು ತೆಗೆದು ಮೊದಲಿನ ಸ್ಥಿತಿಗೆ ತರುವ ದಾರಿ ಉಳಿಸಿಕೊಳ್ಳಿ ಅನ್ನುವುದೇ ಆ ಹಟ. ಅದೊಂದು ಇದ್ದರೆ ಉಳಿದಿದ್ದರಲ್ಲಿ ಧೈರ್ಯವಾಗಿ ಆಟ ಆಡಬಹುದು.

ಬಿಚ್ಚಿದರೆ ಹಾಳಾಗಲ್ವಾ?

ಸ್ಕ್ರೂ ತೆಗೆದ ಮಾತ್ರಕ್ಕೆ ಯಾವ ಕೀಬೋರ್ಡೂ ಹಾಳಾಗುವುದಿಲ್ಲ. ಹಾಳಾಗುವುದು ಹೆಚ್ಚಾಗಿ ಮೂರು ಕಾರಣಕ್ಕೆ: ಅವಸರದಲ್ಲಿ ಕಿತ್ತ ರಿಬ್ಬನ್ ಕೇಬಲ್, ಪವರ್ ಆನ್ ಇರುವಾಗ ಜಾರಿದ ಸ್ಕ್ರೂಡ್ರೈವರ್, ಉಲ್ಟಾ ಪೋಲಾರಿಟಿಯ (ಪ್ಲಸ್ ಮೈನಸ್ ಅದಲು ಬದಲಾದ) ಅಡಾಪ್ಟರ್. ಈ ಮೂರನ್ನು ತಪ್ಪಿಸಿದರೆ ಮುಕ್ಕಾಲು ಅಪಾಯ ಕಳೆದ ಹಾಗೆ. ವಾರಂಟಿ ಇರುವ ಹೊಸ ಕೀಬೋರ್ಡ್ ಆದರೆ ಸದ್ಯಕ್ಕೆ ಮುಟ್ಟಬೇಡಿ. ವಾರಂಟಿ ಮುಗಿಯಲಿ.

ಯಾವ ಕೀಬೋರ್ಡಿಂದ ಶುರು ಮಾಡಲಿ?

ಬ್ಯಾಟರಿಯಲ್ಲಿ ನಡೆಯುವ, ಹಳೆಯ, ಕೆಟ್ಟರೂ ಹೊಟ್ಟೆ ಉರಿಯದ ಒಂದು ಚಿಕ್ಕ ಕೀಬೋರ್ಡ್. 1980ರ ದಶಕದ ಕ್ಯಾಸಿಯೊ ಮತ್ತು ಯಮಹಾ ಪುಟ್ಟ ಕೀಬೋರ್ಡ್‌ಗಳು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿವೆ. ಅವುಗಳ ಒಳಗೆ ದೊಡ್ಡ ದೊಡ್ಡ ಕಾಲಿನ ಐಸಿಗಳು (ಚಿಪ್‌ಗಳು) ಬೇರೆ ಬೇರೆಯಾಗಿ ಕೂತಿರುತ್ತವೆ, ವೈರಿನ ಕ್ಲಿಪ್ ಹಾಕಲು ಜಾಗ ಇರುತ್ತದೆ. ಕ್ಯಾಸಿಯೊ ಎಸ್‌ಕೆ-1 ಅಂತೂ ಈ ಹವ್ಯಾಸದವರ ಮುದ್ದಿನ ಕೂಸು. 32 ಚಿಕ್ಕ ಕೀಗಳು, ಒಂದು ಮೈಕು, 8 ಬಿಟ್ ಸ್ಯಾಂಪ್ಲಿಂಗ್. ನೀವು ಕೆಮ್ಮಿದರೆ ಆ ಕೆಮ್ಮನ್ನೇ ಸ್ವರ ಮಾಡಿ ನುಡಿಸುತ್ತದೆ.

ಹೊಸ ಅಗ್ಗದ ಕೀಬೋರ್ಡ್ ಬಿಚ್ಚಿದರೆ ಬೋರ್ಡಿನ ನಡುವೆ ಕಪ್ಪು ಅಂಟಿನ ಒಂದು ಗುಂಡು ಚುಕ್ಕೆ ಮಾತ್ರ ಕಾಣುವುದು ಸಾಮಾನ್ಯ. ಇಡೀ ಯಂತ್ರ ಅದರ ಅಡಿಯಲ್ಲಿದೆ. ಅಲ್ಲಿ ಕ್ಲಿಪ್ ಹಾಕಲು ಕಾಲೇ ಇರುವುದಿಲ್ಲ. ಅಂಥದ್ದರಲ್ಲಿ ಬೇಸರ ಜಾಸ್ತಿ, ಫಲ ಕಡಿಮೆ.

ಯಾವುದನ್ನು ಮುಟ್ಟಲೇಬಾರದು?

ಗೋಡೆಯ ಕರೆಂಟ್ ನೇರವಾಗಿ ಒಳಗೆ ಬರುವಂಥವನ್ನು, ಮೊದಲ ಪ್ರಯತ್ನದಲ್ಲಂತೂ ಬೇಡವೇ ಬೇಡ. 230 ವೋಲ್ಟ್ ಎಸಿಯನ್ನು ನೇರವಾಗಿ ಡಿಸಿ ಮಾಡುವಂಥವುಗಳಲ್ಲಿ ಪವರ್ ಸಪ್ಲೈಯ ದೊಡ್ಡ ಕೆಪಾಸಿಟರ್‌ನಲ್ಲಿ ಸುಮಾರು 325 ವೋಲ್ಟ್ ತುಂಬಿಕೊಳ್ಳುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಕೆಲಕಾಲ ಹಾಗೇ ಇರಬಹುದು. ಹಿಂಬದಿಯಲ್ಲಿ ಅಡಾಪ್ಟರ್ ತೂತಿನ ಬದಲು ದಪ್ಪ ಪವರ್ ಕಾರ್ಡ್ ಹೋಗುವ ಜಾಗ ಇದ್ದರೆ ಅದು ಈ ಜಾತಿ ಅಂತ ತಿಳಿಯಿರಿ.

ಇನ್ನೊಂದು ಜಾತಿ ಇದೆ: ಬೆಲೆಬಾಳುವ ಹಳೇ ಸಿಂಥ್‌ಗಳು. 1983ರ ಯಮಹಾ ಡಿಎಕ್ಸ್7, 1984ರ ರೋಲ್ಯಾಂಡ್ ಜೂನೊ-106 ಇಂಥವಕ್ಕೆ ರಿಪೇರಿ ಬೇಕು, ತೂತು ಬೇಡ. ಜೂನೊ-106ರ ವಾಯ್ಸ್ ಚಿಪ್‌ಗಳ ಮೇಲಿನ ಕಪ್ಪು ಲೇಪ ವರ್ಷ ಕಳೆದಂತೆ ತೊಂದರೆ ಕೊಡುತ್ತದೆ. ಚಿಪ್ ಬಿಚ್ಚಿ ಅಸಿಟೋನ್‌ನಲ್ಲಿ ನೆನೆಸಿ ಆ ಲೇಪ ತೆಗೆಯುವವರಿದ್ದಾರೆ. ಅದು ಅನುಭವಿಗಳ ಕೆಲಸ. ಇಂಥ ಸಿಂಥ್‌ನ ಮೈಗೆ ಡ್ರಿಲ್ ಇಟ್ಟು ಹೊಸ ನಾಬ್ ಕೂರಿಸುವವರನ್ನು ಕಂಡರೆ ನನಗೆ ಕೋಪವೇ ಬರುತ್ತದೆ.

ಏನೇನು ಸಾಮಾನು ಬೇಕು?

ಬಿಚ್ಚಿ ಕ್ಲೀನ್ ಮಾಡುವಷ್ಟಕ್ಕೆ ಒಳ್ಳೆ ಸ್ಟಾರ್ ಸ್ಕ್ರೂಡ್ರೈವರ್, ಚಿಮುಟ, ಬ್ರಷ್, ಇಯರ್ ಬಡ್, ಐಸೊಪ್ರೊಪೈಲ್ ಆಲ್ಕೋಹಾಲ್ ಸಾಕು. ಸ್ಕ್ರೂಡ್ರೈವರ್ ಮಾತ್ರ ಉದ್ದದ್ದಿರಲಿ. ಕೆಲವು ಸ್ಕ್ರೂಗಳು ಆಳವಾದ ಕುಳಿಯೊಳಗೆ ಇರುತ್ತವೆ, ಗಿಡ್ಡ ಬಿಟ್ ಸೆಟ್ ಅಲ್ಲಿಗೆ ಇಳಿಯುವುದೇ ಇಲ್ಲ.

ಬದಲಾವಣೆ ಮಾಡುವುದಾದರೆ ಮಲ್ಟಿಮೀಟರ್, ಸೋಲ್ಡರಿಂಗ್ ಐರನ್, ತೆಳ್ಳನೆಯ ಸೋಲ್ಡರ್, ಫ್ಲಕ್ಸ್, ಸೋಲ್ಡರ್ ಹೀರುವ ಪಂಪ್, ಎರಡೂ ಕಡೆ ಮೊಸಳೆ ಕ್ಲಿಪ್ ಇರುವ ವೈರುಗಳು, ಒಂದಷ್ಟು ಸ್ವಿಚ್ ಮತ್ತು ಪೊಟೆನ್ಶಿಯೋಮೀಟರ್‌ಗಳು (ನಾಬ್ ಅಡಿಯಲ್ಲಿರುವ, ತಿರುಗಿಸಿ ಬದಲಿಸುವ ರೆಸಿಸ್ಟರ್). ಐರನ್‌ನ ಶಾಖ ಏರಿಸಿ ಇಳಿಸುವಂತಿದ್ದರೆ ಒಳ್ಳೆಯದು, 350 ಡಿಗ್ರಿ ಸೆಲ್ಸಿಯಸ್ ಆಸುಪಾಸು ಸಾಕು. ಹಳೇ ಬೋರ್ಡಿನ ತಾಮ್ರದ ಗೆರೆ ಬಿಸಿಗೆ ಎದ್ದು ಬರುತ್ತದೆ. ಎರಡು ಮೂರು ಸೆಕೆಂಡಿನಲ್ಲಿ ಕೆಲಸ ಮುಗಿಸಿ ಐರನ್ ಎತ್ತಿಬಿಡಿ. ಕಿಟಕಿ ತೆರೆದಿರಲಿ, ಆ ಹೊಗೆ ಉಸಿರಿಗೆ ಒಳ್ಳೆಯದಲ್ಲ.

ಬಿಚ್ಚುವ ಸರಿಯಾದ ಕ್ರಮ ಯಾವುದು?

ಮೊದಲು ಬ್ಯಾಟರಿ, ಅಡಾಪ್ಟರ್ ಎರಡೂ ತೆಗೆಯಿರಿ. ಆಮೇಲೆ ಒಮ್ಮೆ ಪವರ್ ಸ್ವಿಚ್ ಒತ್ತಿ ಬಿಡಿ, ಒಳಗೆ ಉಳಿದ ಚಾರ್ಜ್ ಖಾಲಿಯಾಗುತ್ತದೆ. ಮೇಜಿನ ಮೇಲೆ ದಪ್ಪ ಟವೆಲ್ ಹಾಸಿ ಕೀಬೋರ್ಡನ್ನು ಬೋರಲು ಮಲಗಿಸಿ. ಇಲ್ಲದಿದ್ದರೆ ನಾಬ್‌ಗಳ ಮೇಲೆ ಭಾರ ಬೀಳುತ್ತದೆ.

ಸ್ಕ್ರೂಗಳಲ್ಲಿ ಉದ್ದದ್ದು, ಗಿಡ್ಡದ್ದು, ಚೂಪು ತುದಿಯದ್ದು, ಚಪ್ಪಟೆ ತಲೆಯದ್ದು ಎಲ್ಲ ಬೆರೆತಿರುತ್ತವೆ. ಒಂದು ರಟ್ಟಿನ ಮೇಲೆ ಕೀಬೋರ್ಡಿನ ಆಕಾರ ಬರೆದು, ಯಾವ ಜಾಗದ ಸ್ಕ್ರೂವೋ ಅದೇ ಜಾಗದಲ್ಲಿ ಚುಚ್ಚಿಡಿ. ಉದ್ದದ ಸ್ಕ್ರೂವನ್ನು ಗಿಡ್ಡದ ತೂತಿಗೆ ಹಾಕಿದರೆ ಮೇಲಿನ ಪ್ಲಾಸ್ಟಿಕ್ ತೂತಾಗಿ ಮೊನೆ ಹೊರಗೆ ಬರುತ್ತದೆ. ಬ್ಯಾಟರಿ ಗೂಡಿನ ಒಳಗೆ, ರಬ್ಬರ್ ಕಾಲುಗಳ ಅಡಿಯಲ್ಲಿ, ಸ್ಟಿಕ್ಕರ್ ಕೆಳಗೆ ಕೂಡ ಸ್ಕ್ರೂ ಅಡಗಿರಬಹುದು. ಎಲ್ಲ ತೆಗೆದೆ ಅಂದುಕೊಂಡ ಮೇಲೂ ಮುಚ್ಚಳ ಒಂದು ಮೂಲೆಯಲ್ಲಿ ಹಿಡಿದುಕೊಂಡರೆ ಬಲ ಹಾಕಬೇಡಿ. ಅಲ್ಲೊಂದು ಸ್ಕ್ರೂ ಬಾಕಿ ಇದೆ ಅಂತಲೇ ಅರ್ಥ.

ಮುಚ್ಚಳ ಬಿಟ್ಟುಕೊಂಡ ತಕ್ಷಣ ಪೂರ್ತಿ ಎತ್ತಬೇಡಿ. ಪುಸ್ತಕ ತೆರೆದ ಹಾಗೆ ನಿಧಾನ ತೆರೆಯಿರಿ. ಸ್ಪೀಕರ್ ವೈರು, ಬ್ಯಾಟರಿ ವೈರು ಎರಡು ಅರ್ಧಗಳ ನಡುವೆ ಇರುತ್ತವೆ, ಎಳೆದರೆ ಬುಡದಲ್ಲೇ ಕಿತ್ತು ಬರುತ್ತವೆ. ಯಾವ ಕನೆಕ್ಟರ್ ತೆಗೆಯುವ ಮೊದಲೂ ಫೋನಿನಲ್ಲಿ ಒಂದು ಫೋಟೊ ತೆಗೆದುಕೊಳ್ಳಿ. ನೆನಪಿರುತ್ತೆ ಬಿಡು ಅಂದುಕೊಂಡಿದ್ದು ಮಾರನೇ ದಿನಕ್ಕೆ ನೆನಪಿರುವುದಿಲ್ಲ, ಅಲ್ವಾ?

ಚಪ್ಪಟೆ ರಿಬ್ಬನ್ ಕೇಬಲ್ ಹೇಗೆ ತೆಗೆಯೋದು?

ಕನೆಕ್ಟರನ್ನು ಹತ್ತಿರದಿಂದ ನೋಡಿ. ಕೆಲವದಕ್ಕೆ ತೆಳುವಾದ ಪ್ಲಾಸ್ಟಿಕ್ ಲಾಕ್ ಇರುತ್ತದೆ. ಅದನ್ನು ಉಗುರಿನಿಂದ ಎರಡೂ ತುದಿಯಲ್ಲಿ ಸಮವಾಗಿ ಒಂದೆರಡು ಮಿಲಿಮೀಟರ್ ಎತ್ತಿದರೆ ಕೇಬಲ್ ತಾನಾಗೇ ಸಡಿಲವಾಗುತ್ತದೆ. ಲಾಕ್ ಇಲ್ಲದಿದ್ದರೆ ಕೇಬಲನ್ನು ಕನೆಕ್ಟರ್ ಹತ್ತಿರವೇ ಹಿಡಿದು ನೇರವಾಗಿ ಎಳೆಯಿರಿ, ಓರೆಯಾಗಿ ಬೇಡ. ಹಳೇ ಕೀಬೋರ್ಡ್‌ಗಳಲ್ಲಿ ಎಷ್ಟೋ ರಿಬ್ಬನ್‌ಗಳು ಬೋರ್ಡಿಗೆ ಸೋಲ್ಡರ್ ಆಗಿಯೇ ಇರುತ್ತವೆ. ಅವನ್ನು ಹತ್ತಾರು ಸಲ ಮಡಿಸಿ ಬಿಡಿಸಿದರೆ ಒಳಗಿನ ಎಳೆ ತುಂಡಾಗುತ್ತದೆ. ತೆಗೆಯಲೇಬೇಕಾದ ಅಗತ್ಯ ಇಲ್ಲದಿದ್ದರೆ ಅದರ ಪಾಡಿಗೆ ಅದನ್ನು ಬಿಟ್ಟುಬಿಡಿ.

ಕೆಲವು ಕೀಗಳು ನುಡಿಯುತ್ತಿಲ್ಲ. ಏನಾಗಿರಬಹುದು?

ಹೆಚ್ಚಿನ ಸಲ ಏನೂ ಕೆಟ್ಟಿರುವುದಿಲ್ಲ, ಕೊಳೆ ಕೂತಿರುತ್ತದೆ ಅಷ್ಟೇ. ಪ್ರತಿ ಕೀ ಅಡಿಯಲ್ಲಿ ಒಂದು ರಬ್ಬರ್ ಪಟ್ಟಿ ಇದೆ. ಅದರಲ್ಲಿ ಸಾಲಾಗಿ ಪುಟ್ಟ ಗುಮ್ಮಟಗಳು. ಗುಮ್ಮಟದ ಒಳಗೆ ಕರಿ ಬಿಲ್ಲೆ, ಅದು ಕಾರ್ಬನ್. ಕೀ ಒತ್ತಿದಾಗ ಆ ಬಿಲ್ಲೆ ಬೋರ್ಡಿನ ಮೇಲಿನ ಎರಡು ಕಪ್ಪು ಗೆರೆಗಳನ್ನು ಕೂಡಿಸುತ್ತದೆ. ನಡುವೆ ಒಂದು ಕೂದಲೆಳೆ ಬಂದರೂ ಸ್ವರ ಬರುವುದಿಲ್ಲ, ಅಥವಾ ಗಟ್ಟಿಯಾಗಿ ಒತ್ತಿದಾಗ ಮಾತ್ರ ಬರುತ್ತದೆ.

ಒತ್ತುವ ಬಲಕ್ಕೆ ತಕ್ಕ ಹಾಗೆ ಸದ್ದು ಏರಿಳಿಯುವ ಕೀಬೋರ್ಡ್ ಆದರೆ ಪ್ರತಿ ಕೀಗೆ ಇಂಥ ಎರಡು ಬಿಲ್ಲೆ ಇರುತ್ತವೆ, ಒಂದು ಸ್ವಲ್ಪ ಎತ್ತರದಲ್ಲಿ, ಇನ್ನೊಂದು ಸ್ವಲ್ಪ ತಗ್ಗಿನಲ್ಲಿ. ಮೊದಲನೆಯದು ತಾಗಿ ಎರಡನೆಯದು ತಾಗುವ ನಡುವಿನ ಸಮಯವನ್ನು ಯಂತ್ರ ಅಳೆಯುತ್ತದೆ. ಸಮಯ ಕಡಿಮೆ ಇದ್ದರೆ ಜೋರಾಗಿ ಹೊಡೆದಿರಿ ಅಂತ ಲೆಕ್ಕ. ಇವುಗಳಲ್ಲಿ ಒಂದು ಕೊಳೆಯಾದರೆ ಲೆಕ್ಕ ತಪ್ಪುತ್ತದೆ. ಮೆಲ್ಲಗೆ ಮುಟ್ಟಿದರೂ ಆ ಕೀ ಮಾತ್ರ ಕಿರುಚಿಕೊಂಡರೆ ಇಲ್ಲೇ ಹುಡುಕಿ.

ಹಾಗಾದರೆ ಕ್ಲೀನ್ ಮಾಡೋದು ಹೇಗೆ?

ಕೀಗಳನ್ನು ಹಿಡಿದ ಸ್ಕ್ರೂ ತೆಗೆದರೆ ಚಿಕ್ಕ ಕೀಬೋರ್ಡ್‌ಗಳಲ್ಲಿ ಬಿಳಿ ಕೀಗಳ ಎರಡು ಗೊಂಚಲು, ಕಪ್ಪು ಕೀಗಳ ಒಂದು ಗೊಂಚಲು ಒಂದರ ಮೇಲೊಂದು ಕೂತಿರುವುದು ಕಾಣುತ್ತದೆ. ಯಾವುದು ಕೆಳಗೆ, ಯಾವುದು ಮೇಲೆ ಅಂತ ಫೋಟೊ ಇರಲಿ. ದೊಡ್ಡ ಕೀಬೋರ್ಡ್‌ಗಳಲ್ಲಿ ಒಂದೊಂದು ಕೀ ಬೇರೆ, ಹಿಂದೆ ಸ್ಪ್ರಿಂಗ್ ಇದ್ದರೂ ಇರಬಹುದು. ತೆಗೆಯುವಾಗ ಅದರ ಮೇಲೊಂದು ಬೆರಳು ಇಟ್ಟುಕೊಳ್ಳಿ. ಹಾರಿದ ಸ್ಪ್ರಿಂಗ್ ಮತ್ತೆ ಸಿಗುವುದು ಕಷ್ಟ.

ರಬ್ಬರ್ ಪಟ್ಟಿಯ ಅಂಚಿನಲ್ಲಿ ಚಿಕ್ಕ ಬಾಲಗಳಿದ್ದು, ಬೋರ್ಡಿನ ತೂತುಗಳಲ್ಲಿ ಸಿಕ್ಕಿಸಿರುತ್ತಾರೆ. ಒಂದು ತುದಿಯಿಂದ ಮೆಲ್ಲಗೆ ಎಬ್ಬಿಸುತ್ತಾ ಹೋಗಿ. ಪಟ್ಟಿಯನ್ನು ಹದ ಬಿಸಿ ಸೋಪಿನ ನೀರಲ್ಲಿ ತೊಳೆದು, ಪೂರ್ತಿ ಒಣಗಿಸಬಹುದು. ಕರಿ ಬಿಲ್ಲೆಗಳನ್ನು ಬಿಳಿ ಹಾಳೆಯ ಮೇಲೆ ಹಗುರವಾಗಿ ಒಂದೆರಡು ಸಲ ಎಳೆಯಿರಿ, ಮಸುಕು ಗೆರೆ ಮೂಡಿದರೆ ಮೇಲಿನ ಜಿಡ್ಡು ಹೋಗಿದೆ. ಬೋರ್ಡಿನ ಕಪ್ಪು ಗೆರೆಗಳಿಗೆ ಆಲ್ಕೋಹಾಲ್ ತಾಗಿಸಿದ ಇಯರ್ ಬಡ್ ಸಾಕು. ಒರೆಸಿ, ತಿಕ್ಕಬೇಡಿ. ಆ ಕಪ್ಪು ಕೂಡ ಕಾರ್ಬನ್ ಲೇಪವೇ. ಮರಳು ಕಾಗದ, ಥಿನ್ನರ್, ಅಸಿಟೋನ್ ಹತ್ತಿರವೂ ತರಬೇಡಿ. ಬಿಲ್ಲೆ ನಿಜವಾಗಿ ಸವೆದಿದ್ದರೆ ರಿಮೋಟ್ ರಿಪೇರಿಗೆ ಬಳಸುವ ಕಾರ್ಬನ್ ಪೇಂಟ್ ಹಚ್ಚಬಹುದು.

ಪಟ್ಟಿ ವಾಪಸ್ ಕೂರಿಸುವಾಗ ಬಾಲಗಳನ್ನು ಮೊಂಡು ಪೆನ್ಸಿಲ್ ತುದಿಯಿಂದ ತಳ್ಳಿ. ಒಂದು ಬಾಲ ಅರ್ಧ ಕೂತರೂ ಆ ಕೀ ಉಳಿದವುಗಳಿಗಿಂತ ಎತ್ತರ ನಿಲ್ಲುತ್ತದೆ. ಕಸ್ಟಮೈಸ್ ಮಾಡಬೇಕು ಅಂತ ಬಂದ ಎಷ್ಟೋ ಜನಕ್ಕೆ ಈ ಕ್ಲೀನಿಂಗ್ ಮುಗಿದ ಮೇಲೆ ಬೇರೇನೂ ಬೇಕಾಗುವುದಿಲ್ಲ.

ನಾಬ್ ತಿರುಗಿಸಿದಾಗ ಕರಕರ ಸದ್ದು ಬರುತ್ತದೆ.

ಎಲೆಕ್ಟ್ರಾನಿಕ್ಸ್‌ಗೆ ಅಂತಲೇ ಬರುವ ಕಾಂಟ್ಯಾಕ್ಟ್ ಕ್ಲೀನರನ್ನು ಪೊಟೆನ್ಶಿಯೋಮೀಟರ್‌ನ ಸಂದಿಗೆ ಒಂದು ಹನಿ ಬಿಟ್ಟು, ಈ ತುದಿಯಿಂದ ಆ ತುದಿಗೆ ಇಪ್ಪತ್ತು ಸಲ ತಿರುಗಿಸಿ. ಬಾಗಿಲ ಕೀಲಿಗೆ ಹೊಡೆಯುವ ತುಕ್ಕಿನ ಸ್ಪ್ರೇ ಇಲ್ಲಿ ಬೇಡ. ಅದು ಬಿಟ್ಟುಹೋಗುವ ಎಣ್ಣೆಗೆ ಧೂಳು ಅಂಟುತ್ತದೆ.

ಬ್ಯಾಟರಿ ಸೋರಿ ಹಸಿರು ಹಿಡಿದಿದೆ. ಉಳಿಯುತ್ತಾ?

ಬಹಳಷ್ಟು ಸಲ ಉಳಿಯುತ್ತದೆ. ಆಲ್ಕಲೈನ್ ಬ್ಯಾಟರಿಯಿಂದ ಸೋರುವುದು ಪೊಟ್ಯಾಸಿಯಮ್ ಹೈಡ್ರಾಕ್ಸೈಡ್, ಅಂದರೆ ಕ್ಷಾರ. ವಿನೆಗರ್ ಅಥವಾ ನಿಂಬೆರಸ ಅದ್ದಿದ ಇಯರ್ ಬಡ್‌ನಿಂದ ಒರೆಸಿದರೆ ಕರಗುತ್ತದೆ. ಆಮೇಲೆ ಒದ್ದೆ ಬಟ್ಟೆ, ಕೊನೆಗೆ ಆಲ್ಕೋಹಾಲ್. ಗ್ಲೌಸ್ ಹಾಕಿಕೊಳ್ಳಿ. ಸ್ಪ್ರಿಂಗ್ ತುಕ್ಕು ತಿಂದಿದ್ದರೆ ಹೊಸದು ಹಾಕಿ. ವೈರಿನ ಒಳಗೂ ಹಸಿರು ಹರಿದಿರುತ್ತದೆ, ಆ ವೈರು ಬದಲಿಸಿಬಿಡಿ.

ಅಡಾಪ್ಟರ್ ಕಳೆದಿದೆ. ಯಾವುದಾದರೂ 9 ವೋಲ್ಟಿನದು ಹಾಕಬಹುದಾ?

ವೋಲ್ಟ್ ಒಂದೇ ನೋಡಿದರೆ ಸಾಲದು. ಪ್ಲಗ್ಗಿನ ನಡುವಿನ ಕಡ್ಡಿ ಪ್ಲಸ್ಸೋ ಮೈನಸ್ಸೋ ಅನ್ನುವುದು ಮುಖ್ಯ. ಹಳೇ ಕ್ಯಾಸಿಯೊಗಳಲ್ಲಿ ನಡುವೆ ಮೈನಸ್ ಇರುವುದು ಸಾಮಾನ್ಯ, ಯಮಹಾದಲ್ಲಿ ನಡುವೆ ಪ್ಲಸ್. ಎರಡರ ಪ್ಲಗ್ಗೂ ಒಂದೇ ಥರ ಕಾಣಬಹುದು. ತೂತಿನ ಪಕ್ಕ ಒಂದು ಬಿಲ್ಲು ಗೆರೆ, ನಡುವೆ ಚುಕ್ಕಿ, ಆಚೀಚೆ ಪ್ಲಸ್ ಮೈನಸ್ ಇರುವ ಗುರುತು ಇರುತ್ತದೆ, ಚುಕ್ಕಿಗೆ ಸೇರಿದ್ದೇ ನಡುವಿನ ಕಡ್ಡಿಯದು. ಅದನ್ನು ಓದಿ, ಅಡಾಪ್ಟರನ್ನು ಮಲ್ಟಿಮೀಟರಿನಲ್ಲಿ ಅಳೆದು, ಆಮೇಲೆ ಚುಚ್ಚಿ. ಆಂಪಿಯರ್ ಕೇಳಿದ್ದಕ್ಕಿಂತ ಜಾಸ್ತಿ ಇದ್ದರೆ ತೊಂದರೆ ಇಲ್ಲ, ಕಡಿಮೆ ಇರಬಾರದು.

ಸರ್ಕ್ಯೂಟ್ ಬೆಂಡಿಂಗ್ ಅಂದರೆ ಏನು?

ಬೋರ್ಡಿನಲ್ಲಿ ಸಂಬಂಧವೇ ಇಲ್ಲದ ಎರಡು ಜಾಗಗಳನ್ನು ವೈರಿನಿಂದ ಕೂಡಿಸಿ, ಯಂತ್ರ ಮಾಡಿದವರು ಎಣಿಸಿರದ ಸದ್ದು ಹೊರಡಿಸುವುದು. ಅಮೆರಿಕದ ರೀಡ್ ಗಜಾಲಾ ಇದನ್ನು ಕಂಡುಕೊಂಡಿದ್ದು 1960ರ ದಶಕದಲ್ಲಿ. ಮುಚ್ಚಳ ಇಲ್ಲದ ಒಂದು ಆಟಿಕೆ ಆಂಪ್ಲಿಫೈಯರ್ ಅವರ ಮೇಜಿನ ಡ್ರಾಯರ್‌ನಲ್ಲಿ ಲೋಹಕ್ಕೆ ತಾಗಿ, ತನ್ನಷ್ಟಕ್ಕೆ ತಾನೇ ವಿಚಿತ್ರವಾಗಿ ಕೂಗತೊಡಗಿತು. ಆಕಸ್ಮಿಕವಾಗಿ ಹೀಗಾಗುವುದಾದರೆ ಬೇಕಂತಲೇ ಮಾಡಿದರೆ ಏನಾಗಬಹುದು ಅನ್ನುವುದೇ ಅವರ ಪ್ರಶ್ನೆಯಾಗಿತ್ತು. ಸರ್ಕ್ಯೂಟ್ ಬೆಂಡಿಂಗ್ ಅನ್ನುವ ಹೆಸರು ಕೊಟ್ಟವರೂ ಅವರೇ.

ಇದಕ್ಕೆ ಎಲೆಕ್ಟ್ರಾನಿಕ್ಸ್ ಓದಿರಬೇಕಿಲ್ಲ. ಕಿವಿ, ತಾಳ್ಮೆ, ಒಂದು ನೋಟ್‌ಬುಕ್ ಬೇಕು.

ಬೆಂಡ್ ಮಾಡುವ ಜಾಗ ಹುಡುಕೋದು ಹೇಗೆ?

ಬ್ಯಾಟರಿಯಲ್ಲೇ ನಡೆಸಿ, ಅಡಾಪ್ಟರ್ ಬೇಡ. ಹೆಡ್‌ಫೋನ್ ಹಾಕಲೇಬೇಡಿ. ಯಾವ ಕ್ಷಣದಲ್ಲಿ ಯಾವ ಕಿರುಚಾಟ ಬರುತ್ತದೋ ಹೇಳಲಾಗದು. ವಾಲ್ಯೂಮ್ ಕಡಿಮೆ ಇರಲಿ.

ಮೊದಲ ಕೆಲಸ, ಪವರ್ ಗೆರೆಗಳನ್ನು ಗುರುತಿಸುವುದು. ಮಲ್ಟಿಮೀಟರಿನ ಕಪ್ಪು ಮೊನೆಯನ್ನು ಬ್ಯಾಟರಿಯ ಮೈನಸ್‌ಗೆ ಇಟ್ಟು, ಕೆಂಪು ಮೊನೆಯಿಂದ ಐಸಿಗಳ ಕಾಲುಗಳನ್ನು ಒಂದೊಂದಾಗಿ ಮುಟ್ಟಿ ನೋಡಿ. ಪೂರ್ತಿ 5 ವೋಲ್ಟೋ ಬ್ಯಾಟರಿಯ ವೋಲ್ಟೋ ಅಲುಗಾಡದೆ ನಿಂತಿರುವ ಕಾಲುಗಳಿಗೆ ಕೆಂಪು ಮಾರ್ಕರ್ ಚುಕ್ಕೆ ಇಡಿ. ಸೊನ್ನೆಯಲ್ಲಿ ನಿಂತವಕ್ಕೆ ಕಪ್ಪು ಚುಕ್ಕೆ. ಈ ಚುಕ್ಕೆಗಳನ್ನು ಇನ್ನು ಮುಟ್ಟುವಂತಿಲ್ಲ. ಕೆಂಪನ್ನೂ ಕಪ್ಪನ್ನೂ ಕೂಡಿಸಿದರೆ ಆಟ ಅಲ್ಲಿಗೇ ಮುಗಿಯಬಹುದು. ಸ್ಪೀಕರ್‌ಗೆ ಹೋಗುವ ಆಂಪ್ಲಿಫೈಯರ್ ಐಸಿಯ ಸುತ್ತಮುತ್ತಲೂ ಬೇಡ, ಅಲ್ಲಿ ಕರೆಂಟ್ ಜಾಸ್ತಿ.

ಈಗ ಡೆಮೊ ಹಾಡು ಹಾಕಿ. ಮೊಸಳೆ ಕ್ಲಿಪ್ ವೈರಿನ ನಡುವೆ 1 ಕಿಲೋಓಮ್‌ನ ರೆಸಿಸ್ಟರ್ ಸೇರಿಸಿಕೊಂಡರೆ ಸ್ವಲ್ಪ ರಕ್ಷಣೆ ಸಿಗುತ್ತದೆ. ಒಂದು ತುದಿಯನ್ನು ಮೆಮೊರಿ ಅಥವಾ ರೋಮ್ (ಮಾಹಿತಿ ಕಾಯಂ ಆಗಿ ಇಟ್ಟಿರುವ) ಐಸಿಯ ಒಂದು ಕಾಲಿಗೆ ಹಿಡಿಸಿ, ಇನ್ನೊಂದು ತುದಿಯಿಂದ ಪಕ್ಕದ ಕಾಲುಗಳನ್ನು ಒಂದೊಂದಾಗಿ ಸವರಿ. ಹೆಚ್ಚಿನವು ಸುಮ್ನೆ ಇರುತ್ತವೆ. ಕೆಲವದರಲ್ಲಿ ಪಿಯಾನೋ ಒಡೆದ ತಟ್ಟೆಯಂತೆ ಗರಗರಿಸುತ್ತದೆ. ಇನ್ನು ಕೆಲವದರಲ್ಲಿ ತಾಳ ತಪ್ಪಿ ತನ್ನದೇ ಹೊಸ ಲಯ ಹಿಡಿಯುತ್ತದೆ. ಇಷ್ಟವಾದದ್ದನ್ನು ತಕ್ಷಣ ಬರೆದುಕೊಳ್ಳಿ: ಯಾವ ಐಸಿ, ಎಷ್ಟನೇ ಕಾಲಿನಿಂದ ಎಷ್ಟನೇ ಕಾಲಿಗೆ, ಏನು ಸದ್ದು. ಕಾಲು ಎಣಿಸುವುದು ಹೀಗೆ: ಐಸಿಯ ಕಚ್ಚು ಮೇಲಿರುವಂತೆ ಹಿಡಿದರೆ ಎಡಗಡೆ ಮೇಲಿನದು 1. ಅಲ್ಲಿಂದ ಕೆಳಗೆ ಇಳಿದು, ಬಲಗಡೆ ಮೇಲಕ್ಕೆ ಹತ್ತಿ.

ಸಿಕ್ಕಿದ್ದಕ್ಕೆಲ್ಲ ಸ್ವಿಚ್ ಹಾಕಬೇಡಿ. ಮಾರನೇ ದಿನ ಕೇಳಿದಾಗಲೂ ಹಿಡಿಸಿದ್ದಕ್ಕೆ ಮಾತ್ರ ಹಾಕಿ. ಐದಾರು ಒಳ್ಳೆ ಬೆಂಡ್ ಇರುವ ಕೀಬೋರ್ಡನ್ನು ನುಡಿಸಬಹುದು. ನಲವತ್ತು ಸ್ವಿಚ್ ಇರುವುದನ್ನು ತೋರಿಸಬಹುದು ಅಷ್ಟೇ.

ಬೆಂಡ್ ಮಾಡುವಾಗ ಹ್ಯಾಂಗ್ ಆಯಿತು. ಸತ್ತೇ ಹೋಯಿತಾ?

ಗಾಬರಿ ಬೇಡ, ಇದು ದಿನನಿತ್ಯದ ಮಾತು. ವೈರು ತೆಗೆದು, ಬ್ಯಾಟರಿಯನ್ನೂ ತೆಗೆದು, ಅರ್ಧ ನಿಮಿಷ ಬಿಟ್ಟು ಹಾಕಿ. ಪದೇ ಪದೇ ಹೀಗಾದರೆ ಬ್ಯಾಟರಿ ವೈರಿನಲ್ಲಿ ಒತ್ತಿದಾಗ ಕಡಿತಗೊಳಿಸುವ ಒಂದು ಬಟನ್ ಕೂರಿಸಿಬಿಡಿ, ಅದೇ ರೀಸೆಟ್. ಯಾವುದಾದರೂ ಐಸಿ ಬೆರಳು ಇಡಲಾಗದಷ್ಟು ಬಿಸಿಯಾದರೆ ಮಾತ್ರ ತಕ್ಷಣ ಪವರ್ ತೆಗೆಯಿರಿ.

ಇಡೀ ಕೀಬೋರ್ಡಿನ ಶ್ರುತಿ ಏರಿಸಿ ಇಳಿಸುವ ನಾಬ್ ಹಾಕಬಹುದಾ?

ಹಾಕಬಹುದು. ನನ್ನ ಪ್ರಕಾರ ಮಾಡಬಹುದಾದ ಬದಲಾವಣೆಗಳಲ್ಲೆಲ್ಲ ಇದೇ ಅತಿ ಒಳ್ಳೆಯದು.

ಹಳೇ ಡಿಜಿಟಲ್ ಕೀಬೋರ್ಡ್ ಪೂರ್ತಿ ಒಂದೇ ಕ್ಲಾಕ್ (ಯಂತ್ರದ ವೇಗ ತೀರ್ಮಾನಿಸುವ ಮಿಡಿತ) ಮೇಲೆ ನಡೆಯುವುದು ಸಾಮಾನ್ಯ. ಆ ಕ್ಲಾಕ್ ವೇಗ ಬದಲಾದರೆ ಸ್ವರ, ತಾಳ ಎರಡೂ ಒಟ್ಟಿಗೆ ಬದಲಾಗುತ್ತವೆ. ವೇಗ ದುಪ್ಪಟ್ಟಾದರೆ ಸ್ವರ ಒಂದು ಆಕ್ಟೇವ್ ಮೇಲೆ, ಅರ್ಧವಾದರೆ ಒಂದು ಆಕ್ಟೇವ್ ಕೆಳಗೆ. ಕೆಳಗೆ ಇಳಿಸಿದಾಗಲೇ ಮಜಾ. ಕಿವಿಗೆ ಕೇಳದಷ್ಟು ಮೇಲಿದ್ದ ಡಿಜಿಟಲ್ ಗೊರಗೊರ ಸದ್ದು ಕೆಳಗಿಳಿದು ಸ್ವರದ ಜೊತೆ ಸೇರಿಕೊಳ್ಳುತ್ತದೆ. ಆಟಿಕೆಯ ಕೊಳಲು ದೊಡ್ಡ ಹಡಗಿನ ಹಾರ್ನ್ ಆಗುತ್ತದೆ.

ಕ್ಲಾಕ್ ಹುಡುಕುವುದು ಹೀಗೆ. ಮುಖ್ಯ ಐಸಿಯ ಪಕ್ಕದಲ್ಲಿ ಎರಡು ಮೂರು ಕಾಲಿನ ಲೋಹದ ಡಬ್ಬಿಯೋ, ನೀಲಿ ಅಥವಾ ಕಿತ್ತಳೆ ಬಣ್ಣದ ಚಪ್ಪಟೆ ಬಿಲ್ಲೆಯೋ ಇದ್ದರೆ ಅದು ಕ್ರಿಸ್ಟಲ್ ಅಥವಾ ಸೆರಾಮಿಕ್ ರೆಸೊನೇಟರ್. ಅದು ಇಲ್ಲದಿದ್ದರೆ ಒಂದು ರೆಸಿಸ್ಟರ್ ಮತ್ತು ಕೆಪಾಸಿಟರ್ ಸೇರಿ ಕ್ಲಾಕ್ ಆಗಿರಬಹುದು. ಒದ್ದೆ ಬೆರಳಿಂದ ಆ ಜಾಗ ಮುಟ್ಟಿದಾಗ ಸ್ವರ ಅಲುಗಾಡಿದರೆ ಸಿಕ್ಕಿತು ಅಂತಲೇ. ಬೆರಳಿಂದ ಮುಟ್ಟುವುದು ಬ್ಯಾಟರಿಯಲ್ಲಿ ನಡೆಯುವ ಕೀಬೋರ್ಡಿನಲ್ಲಿ ಮಾತ್ರ, ನೆನಪಿರಲಿ.

ರೆಸಿಸ್ಟರ್ ಇರುವ ಜಾತಿ ಸುಲಭ. ಅದರ ಒಂದು ಕಾಲು ಎತ್ತಿ, ಆ ಜಾಗಕ್ಕೆ ಅದರ ಓಮ್‌ನ ಅರ್ಧದಷ್ಟಿರುವ ರೆಸಿಸ್ಟರ್ ಮತ್ತು ಒಂದು ಪೊಟೆನ್ಶಿಯೋಮೀಟರನ್ನು ಸಾಲಾಗಿ ಸೇರಿಸಿ. ಓಮ್ ಕಡಿಮೆಯಾದಂತೆ ಸ್ವರ ಏರುತ್ತದೆ. ಸಾಲಿನಲ್ಲಿ ರೆಸಿಸ್ಟರ್ ಇಲ್ಲದೆ ಬರೀ ಪೊಟೆನ್ಶಿಯೋಮೀಟರ್ ಹಾಕಿದರೆ ನಾಬ್ ಸೊನ್ನೆಗೆ ಬಂದಾಗ ಹ್ಯಾಂಗ್ ಆಗುತ್ತದೆ.

ಕ್ರಿಸ್ಟಲ್ ಇದ್ದರೆ ಹಾಗೆ ಮಾಡಲಾಗದು. ಅದನ್ನು ತೆಗೆದು, ಬೇರೆ ಆಸಿಲೇಟರ್‌ನಿಂದ (ಮಿಡಿತ ಹುಟ್ಟಿಸುವ ಸರ್ಕ್ಯೂಟ್) ಕ್ಲಾಕ್ ಕೊಡಬೇಕು. ಬೆಂಡಿಂಗ್ ಮಾಡುವ ಹಲವರು ಬಳಸುವುದು ಎಲ್‌ಟಿಸಿ1799 ಎಂಬ ಪುಟ್ಟ ಐಸಿ. 1 ಕಿಲೋಹರ್ಟ್ಸ್‌ನಿಂದ 33 ಮೆಗಾಹರ್ಟ್ಸ್ ತನಕ ಕೊಡುತ್ತದೆ, 2.7ರಿಂದ 5.5 ವೋಲ್ಟ್‌ನಲ್ಲಿ ನಡೆಯುತ್ತದೆ. ಬಿಡಿಯಾಗಿ ಕೊಂಡರೆ ಅಕ್ಕಿ ಕಾಳಿಗಿಂತ ಚಿಕ್ಕದು, ಹಾಗಾಗಿ ಬೋರ್ಡಿನ ಮೇಲೆ ಕೂರಿಸಿದ ಮಾಡ್ಯೂಲನ್ನೇ ತಗೊಳ್ಳಿ. ಅದರ ಔಟ್‌ಪುಟ್ ಕ್ರಿಸ್ಟಲ್‌ನ ಎರಡು ತೂತುಗಳಲ್ಲಿ ಒಂದಕ್ಕೆ ಹೋಗಬೇಕು. ಯಾವುದು ಅಂತ ಸರ್ವಿಸ್ ಮ್ಯಾನುಯಲ್ ಹೇಳುತ್ತದೆ. ಹಳೇ ಕ್ರಿಸ್ಟಲನ್ನು ಎಸೆಯದೆ ಒಂದು ಟಾಗಲ್ ಸ್ವಿಚ್ ಮೂಲಕ ಉಳಿಸಿಕೊಳ್ಳಿ. ಬೇರೆ ವಾದ್ಯಗಳ ಜೊತೆ ನುಡಿಸುವಾಗ ಸರಿಯಾದ ಶ್ರುತಿ ಬೇಕಾಗುತ್ತದೆ, ನಾಬ್‌ನಲ್ಲಿ ಅದನ್ನು ಹಿಡಿಯುವುದು ಕಷ್ಟ.

ಲೈನ್ ಔಟ್ (ಸದ್ದನ್ನು ಹೊರಗಿನ ಯಂತ್ರಕ್ಕೆ ಕಳಿಸುವ ತೂತು) ಇಲ್ಲ. ಸ್ಪೀಕರ್ ವೈರಿಗೆ ಜ್ಯಾಕ್ ಸೇರಿಸಿದರೆ ಆಯ್ತಲ್ವಾ?

ಕೆಲವದರಲ್ಲಿ ಆಗುತ್ತದೆ, ಕೆಲವದರಲ್ಲಿ ಆಂಪ್ಲಿಫೈಯರ್ ಸುಟ್ಟು ಹೋಗುತ್ತದೆ. ಕಾರಣ ಇದು: ಬ್ರಿಡ್ಜ್ ಮಾದರಿಯ ಆಂಪ್ಲಿಫೈಯರ್‌ನಲ್ಲಿ ಸ್ಪೀಕರಿನ ಎರಡೂ ವೈರು ಜೀವಂತ, ಯಾವುದೂ ಗ್ರೌಂಡ್ (ಬ್ಯಾಟರಿಯ ಮೈನಸ್‌ಗೆ ಸೇರಿದ ಗೆರೆ) ಅಲ್ಲ. ಜ್ಯಾಕಿನ ಹೊರ ಕವಚದ ಮೂಲಕ ಅದರಲ್ಲೊಂದು ಗ್ರೌಂಡ್ ಆದರೆ ಶಾರ್ಟ್ ಆದ ಹಾಗೆ. ಪವರ್ ತೆಗೆದು, ಸ್ಪೀಕರಿನ ಮೈನಸ್ ವೈರಿನಿಂದ ಬ್ಯಾಟರಿಯ ಮೈನಸ್‌ಗೆ ಮಲ್ಟಿಮೀಟರನ್ನು ಬೀಪ್ ಸೆಟ್ಟಿಂಗ್‌ನಲ್ಲಿ ಹಿಡಿಯಿರಿ. ಬೀಪ್ ಬರದಿದ್ದರೆ ಆ ದಾರಿ ಬಿಡಿ.

ಇದಕ್ಕಿಂತ ಒಳ್ಳೆ ಜಾಗ ವಾಲ್ಯೂಮ್ ನಾಬ್. ಅದರ ನಡುವಿನ ಕಾಲಿನಿಂದ 10 ಮೈಕ್ರೋಫ್ಯಾರಡ್ ಕೆಪಾಸಿಟರ್, ಅದರ ಮುಂದೆ 1 ಕಿಲೋಓಮ್ ರೆಸಿಸ್ಟರ್, ಅಲ್ಲಿಂದ ಜ್ಯಾಕಿನ ತುದಿಗೆ. ಜ್ಯಾಕಿನ ಕವಚ ಗ್ರೌಂಡಿಗೆ. ಪುಟ್ಟ ಸ್ಪೀಕರ್‌ನಲ್ಲಿ ಕೇಳಿಯೇ ಇರದ ಮಂದ್ರ ಸ್ವರಗಳು ಇಲ್ಲಿ ಕೇಳುತ್ತವೆ. ಹೆಡ್‌ಫೋನ್ ಜ್ಯಾಕ್ ಮೊದಲೇ ಇದ್ದರೆ ಈ ಕಷ್ಟ ಯಾಕೆ? ಅದನ್ನೇ ಬಳಸಿ.

ಮಿಡಿ ಇಲ್ಲದ ಕೀಬೋರ್ಡಿಗೆ ಮಿಡಿ ಸೇರಿಸಬಹುದಾ?

ಮಿಡಿ ಅಂದರೆ ಕೀಬೋರ್ಡು, ಕಂಪ್ಯೂಟರುಗಳು ಯಾವ ಸ್ವರ ನುಡಿಸಿದ್ದು ಅಂತ ಒಂದಕ್ಕೊಂದು ತಿಳಿಸುವ ಭಾಷೆ. ಬೋರ್ಡ್ ಸತ್ತು ಕೀಗಳು ಮಾತ್ರ ಚೆನ್ನಾಗಿರುವ ಕೀಬೋರ್ಡಿಗೆ ಇದು ಮರುಜನ್ಮ. 61 ಕೀಗೆ 61 ವೈರು ಇರುವುದಿಲ್ಲ. ಅಡ್ಡ ಸಾಲು, ಉದ್ದ ಸಾಲುಗಳ ಜಾಲರಿ ಇರುತ್ತದೆ. 8 ಅಡ್ಡ, 8 ಉದ್ದ ಆದರೆ 64 ಕೀ ತನಕ ಓದಬಹುದು. ಪ್ರತಿ ಕೀಗೆ ಒಂದು ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಇದೆಯಾ ನೋಡಿ. ಇಲ್ಲದಿದ್ದರೆ ಮೂರು ನಾಲ್ಕು ಕೀ ಒಟ್ಟಿಗೆ ಒತ್ತಿದಾಗ ಒತ್ತದ ಸ್ವರವೂ ಬರುತ್ತದೆ.

ಆ ಜಾಲರಿಯನ್ನು ಮೈಕ್ರೋಕಂಟ್ರೋಲರ್‌ಗೆ (ಪ್ರೋಗ್ರಾಂ ಹಾಕಬಹುದಾದ ಪುಟ್ಟ ಕಂಪ್ಯೂಟರ್ ಚಿಪ್) ಜೋಡಿಸಬೇಕು. ಟೀನ್ಸಿ, ಅಥವಾ ಎಟಿಮೆಗಾ32ಯು4 ಚಿಪ್ ಇರುವ ಆರ್ಡುಯಿನೊ ಆದರೆ ಯುಎಸ್‌ಬಿ ಹಾಕಿದ ತಕ್ಷಣ ಕಂಪ್ಯೂಟರ್ ಅದನ್ನು ಮಿಡಿ ಕೀಬೋರ್ಡ್ ಅಂತಲೇ ಗುರುತಿಸುವ ಹಾಗೆ ಪ್ರೋಗ್ರಾಂ ಮಾಡಬಹುದು. ಒಂದು ಸ್ವರಕ್ಕೆ ಮೂರು ಬೈಟ್ ಹೋಗುತ್ತವೆ: ಸ್ವರ ಶುರು ಅನ್ನುವ ಸೂಚನೆ, ಸ್ವರದ ನಂಬರ್, ಒತ್ತಿದ ಬಲ. ಮಧ್ಯದ ಸಿ ಅಂದರೆ 60. ಹಳೇ 5 ಪಿನ್ ಮಿಡಿ ಸೆಕೆಂಡಿಗೆ 31,250 ಬಿಟ್ ಕಳಿಸುತ್ತದೆ, ಅಂದರೆ ಒಂದು ಸ್ವರದ ಸುದ್ದಿ ಹೆಚ್ಚು ಕಡಿಮೆ ಒಂದು ಮಿಲಿಸೆಕೆಂಡಿನಲ್ಲಿ ತಲುಪುತ್ತದೆ. 1983ರ ಏರ್ಪಾಡು ಇಂದಿಗೂ ಸಾಕಾಗುತ್ತಿದೆ ನೋಡಿ.

ಕಷ್ಟ ಬರುವುದು ಪ್ರೋಗ್ರಾಂನಲ್ಲಿ ಅಲ್ಲ, ಯಾವ ವೈರು ಯಾವ ಸಾಲು ಅಂತ ಹುಡುಕುವುದರಲ್ಲಿ. ಮಲ್ಟಿಮೀಟರ್ ಹಿಡಿದು, ಕೀ ಒತ್ತುತ್ತಾ, ಕಾಗದದ ಮೇಲೆ ಚೌಕ ಹಾಕಿ ತುಂಬುತ್ತಾ ಹೋಗಬೇಕು. ಒಂದು ಸಂಜೆ ಬೇಕು ಅಂತ ಇಟ್ಟುಕೊಳ್ಳಿ.

ಹಗುರ ಕೀಗಳನ್ನು ಪಿಯಾನೋ ಥರ ಭಾರ ಮಾಡಬಹುದಾ?

ಇಲ್ಲ. ಪಿಯಾನೋದ ತೂಕ ಸುತ್ತಿಗೆಯಿಂದ ಬರುತ್ತದೆ, ಕೀಗೆ ಅಂಟಿಸಿದ ಸೀಸದಿಂದ ಬರುವುದಿಲ್ಲ. ತೂಕ ಅಂಟಿಸಿದರೆ ಕೀ ಮೇಲೆ ಏಳಲು ಸೋಮಾರಿಯಾಗುತ್ತದೆ.

ಹಳದಿ ಆದ ಬಿಳಿ ಪ್ಲಾಸ್ಟಿಕ್ ಮತ್ತೆ ಬಿಳಿ ಆಗುತ್ತಾ? ಬಣ್ಣ ಹೊಡೆಯಬಹುದಾ?

ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಿಸಿಲಿಗೆ ಅಥವಾ ಯುವಿ ದೀಪಕ್ಕೆ ಇಟ್ಟರೆ ಬಿಳಿ ಆಗುತ್ತದೆ. ಗ್ಲೌಸ್, ಕನ್ನಡಕ ಕಡ್ಡಾಯ. ಎಲ್ಲ ಕಡೆ ಸಮವಾಗಿ ಹಚ್ಚದಿದ್ದರೆ ಮಚ್ಚೆ ಬೀಳುತ್ತದೆ. ಮುಂದೆ ಮತ್ತೆ ಹಳದಿ ತಿರುಗುವುದೂ ಉಂಟು.

ಹೊರ ಕವಚಕ್ಕೆ ಬಣ್ಣ ಹೊಡೆಯಬಹುದು. ಒಳಗಿನದೆಲ್ಲ ತೆಗೆದು, ನುಣುಪು ಮರಳು ಕಾಗದದಿಂದ ಉಜ್ಜಿ, ಪ್ಲಾಸ್ಟಿಕ್ ಪ್ರೈಮರ್ ಹೊಡೆದು, ಆಮೇಲೆ ತೆಳುವಾಗಿ ಎರಡು ಮೂರು ಸುತ್ತು. ಬಟನ್ ತೂತುಗಳ ಅಂಚಿನಲ್ಲಿ ಬಣ್ಣ ದಪ್ಪವಾದರೆ ಬಟನ್ ಸಿಕ್ಕಿಹಾಕಿಕೊಳ್ಳುತ್ತದೆ. ಕೀಗಳಿಗೆ ಮಾತ್ರ ಬಣ್ಣ ಬೇಡ. ಬೆರಳಿನ ಬೆವರಿಗೆ ಅದು ನಿಲ್ಲುವುದಿಲ್ಲ.

ಹೊಸ ಸ್ವಿಚ್‌ಗಳಿಗೆ ತೂತು ಎಲ್ಲಿ ಕೊರೆಯಲಿ?

ಕೊರೆಯುವ ಮೊದಲು ಮುಚ್ಚಿ ನೋಡಿ. ಒಳಗಡೆ ಅಲ್ಲಿ ಏನೂ ಇಲ್ಲ ಅನ್ನಿಸುವ ಜಾಗದಲ್ಲೇ ಮುಚ್ಚಿದಾಗ ಸ್ಪೀಕರಿನ ಅಯಸ್ಕಾಂತ ಬಂದು ಕೂರುತ್ತದೆ. ಸ್ವಿಚ್ಚಿನ ಹಿಂಭಾಗದ ಅಳತೆಯ ಜೇಡಿಮಣ್ಣಿನ ಉಂಡೆ ಇಟ್ಟು ಒಮ್ಮೆ ಮುಚ್ಚಿ ತೆರೆದರೆ, ಅದು ಚಪ್ಪಟೆಯಾಗಿದೆಯೋ ಇಲ್ಲವೋ ನೋಡಿ ಜಾಗ ತಿಳಿಯಬಹುದು. ಮೊದಲು ಸಣ್ಣ ಬಿಟ್, ಆಮೇಲೆ ದೊಡ್ಡದು. ಡ್ರಿಲ್ ನಿಧಾನ ತಿರುಗಲಿ, ಜೋರಾದರೆ ಪ್ಲಾಸ್ಟಿಕ್ ಕರಗುತ್ತದೆ.

ತೂತೇ ಬೇಡ ಅನ್ನುವವರಿಗೆ ಇನ್ನೊಂದು ದಾರಿ: ಎಲ್ಲ ವೈರುಗಳನ್ನು ಬ್ಯಾಟರಿ ಗೂಡಿನ ಸಂದಿಯಿಂದ ಒಂದು ಚಪ್ಪಟೆ ಕೇಬಲ್ ಮೂಲಕ ಹೊರಗೆ ತಂದು, ಸ್ವಿಚ್‌ಗಳನ್ನು ಬೇರೆ ಪೆಟ್ಟಿಗೆಯಲ್ಲಿ ಕೂರಿಸುವುದು. ಕೀಬೋರ್ಡ್ ಮೈ ಹಾಗೇ ಉಳಿಯುತ್ತದೆ. ಕೇಬಲ್ ಮಾತ್ರ ಆದಷ್ಟು ಗಿಡ್ಡ ಇರಲಿ, ಉದ್ದವಾದರೆ ಬೆಂಡ್‌ಗಳ ಸದ್ದೇ ಬದಲಾಗಬಹುದು.

ಒಳಗಿನ ಮೆಮೊರಿ ಬ್ಯಾಟರಿ ಬದಲಿಸಿದರೆ ಸೇವ್ ಮಾಡಿದ ಸದ್ದುಗಳು ಹೋಗುತ್ತವಾ?

ಹೋಗುತ್ತವೆ. ಮೊದಲು ಮಿಡಿ ಮೂಲಕ ಕಂಪ್ಯೂಟರಿಗೆ ಬ್ಯಾಕಪ್ ತಗೊಳ್ಳಿ. ಡಿಎಕ್ಸ್7ನಂಥವುಗಳಲ್ಲಿ ಬಿಲ್ಲೆ ಬ್ಯಾಟರಿ ಬೋರ್ಡಿಗೇ ಸೋಲ್ಡರ್ ಆಗಿರುತ್ತದೆ. ಹೊಸದನ್ನು ಹಾಗೆ ಸೋಲ್ಡರ್ ಮಾಡಬೇಡಿ, ಬಿಸಿಗೆ ಸಿಡಿಯಬಹುದು. ಒಂದು ಹೋಲ್ಡರ್ ಸೋಲ್ಡರ್ ಮಾಡಿ, ಬ್ಯಾಟರಿ ಅದರಲ್ಲಿ ಕೂರಿಸಿ. ಮುಂದಿನ ಸಲ ಬದಲಿಸುವವರಿಗೆ ಐದು ನಿಮಿಷದ ಕೆಲಸ.

ಎಲ್ಲ ಮುಚ್ಚಿದ ಮೇಲೆ ಒಂದು ಸ್ಕ್ರೂ ಉಳಿದಿದೆ.

ಗಿಡ್ಡದಾಗಿದ್ದರೆ ಅದು ಬೋರ್ಡಿನದೋ ಸ್ಪೀಕರಿನದೋ ಆಗಿರುತ್ತದೆ. ಮತ್ತೆ ಬಿಚ್ಚಿ ನೋಡಿ. ಸಡಿಲ ಸ್ಪೀಕರ್ ಆದರೆ ಮಂದ್ರ ಸ್ವರಕ್ಕೆ ಗರಗರ ಅನ್ನುತ್ತದೆ, ಸಡಿಲ ಬೋರ್ಡ್ ಆದರೆ ಕೀ ಒತ್ತಿದಾಗ ಬಾಗಿ ಸೋಲ್ಡರ್ ಬಿರುಕು ಬಿಡುತ್ತದೆ. ಉದ್ದದ್ದಾದರೆ ಹೊರ ಕವಚದ್ದು, ರಟ್ಟಿನ ಮೇಲಿನ ತೂತು ನೋಡಿದರೆ ಜಾಗ ಸಿಗುತ್ತದೆ. ವಾಪಸ್ ಹಾಕುವಾಗ ಸ್ಕ್ರೂವನ್ನು ಮೊದಲು ಉಲ್ಟಾ ತಿರುಗಿಸಿ. ತೂತಿನ ಹಳೇ ಥ್ರೆಡ್‌ಗೆ (ಸುರುಳಿ ಗೆರೆ) ಅದು ಟಕ್ ಅಂತ ಇಳಿದ ಮೇಲೆ ಬಿಗಿ ಮಾಡಿ. ನೇರವಾಗಿ ತಿರುಗಿಸಿದರೆ ಪ್ಲಾಸ್ಟಿಕ್‌ನಲ್ಲಿ ಹೊಸ ಥ್ರೆಡ್ ಕೊರೆಯುತ್ತದೆ, ಹೀಗೆ ನಾಲ್ಕೈದು ಸಲ ಆದರೆ ಆ ತೂತಿನಲ್ಲಿ ಸ್ಕ್ರೂ ನಿಲ್ಲುವುದಿಲ್ಲ.